ಸುಂಕದವನ ಮುಂದೆ ಸುಖದುಃಖ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯನ್ನು ನಮ್ಮ ಶಿರಸಿ ಕಡೆ ಈಗಲೂ ಆಡುತ್ತಾರೆ. ಎತ್ತಿನ ಗಾಡಿಯಲ್ಲಿ ಅಡಿಕೆ, ಕಾಳುಮೆಣಸು ಹೇರಿಕೊಂಡು ಘಟ್ಟ ಇಳಿಯುವವರು ಸುಂಕದ ಕಟ್ಟೆಯಲ್ಲಿ ನಿಂತು ಮಗಳ ಮದುವೆ, ತೋಟಕ್ಕೆ ಬಂದ ಕೊಳೆರೋಗ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರಂತೆ. ಕಟ್ಟೆಯವನು ಹೂಂಗುಟ್ಟುತ್ತಲೇ ಮೂಟೆ ಎಣಿಸುತ್ತಿದ್ದನಂತೆ. ಆ ಕಟ್ಟೆಗಳೆಲ್ಲ ಹೋದವು. ಊರೊಳಗೆ ಬರುವ ಸಾಮಾನಿನ ಮೇಲಿನ ಜಕಾತಿಯನ್ನು ಕರ್ನಾಟಕದಲ್ಲಿ 1979ರಲ್ಲಿ ತೆಗೆದುಹಾಕಿದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ರಾಜ್ಯದ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳೂ ಎದ್ದುಹೋದವು. ದೇಶವೆಲ್ಲ ಒಂದೇ ಸಂತೆಯಾಯಿತು ಎಂದು ಪತ್ರಿಕೆಗಳಲ್ಲಿ ಬರೆದದ್ದೇ ಬರೆದದ್ದು.

ಆದರೆ ಒಂದು ಕಟ್ಟೆ ಮಾತ್ರ ಎದ್ದುಹೋಗಲಿಲ್ಲ. ಅದು ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಕೂತಿತು. ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮೊಬೈಲಿನಲ್ಲಿ ಮಾರುವ ಹೆಂಗಸು ರಾಜ್ಯದ ಗಡಿಯಾಚೆಗೆ ಒಂದು ಡಬ್ಬಿ ಕಳಿಸಬೇಕಾದರೂ ಮೊದಲು ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಪೇಟೆಯ ಅಂಗಡಿಯವನಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಇರುವ ಮಾಫಿ ಅವಳಿಗೆ 40 ರೂಪಾಯಿಗೂ ಇಲ್ಲ. ಇದು ಅನ್ಯಾಯ ಎನ್ನುವುದು ನನ್ನ ತಕರಾರು. ಈ ಅನ್ಯಾಯದಲ್ಲಿ ದಿಲ್ಲಿಯ ಪಾಲು ಎಷ್ಟಿದೆಯೋ ಬೆಂಗಳೂರಿನ ಪಾಲೂ ಅಷ್ಟೇ ಇದೆ ಎನ್ನುವುದು ಎರಡನೆಯ ತಕರಾರು.

ತೆರಿಗೆಯ ವಿಷಯ ಗಂಡಸರದ್ದು, ನಮಗೆ ಯಾಕೆ ಎಂದು ಪುಟ ಮಗುಚಬೇಡಿ. ನಾನು ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತಳಾದವಳು. ಲೆಕ್ಕದ ಪುಸ್ತಕ ಎಂದರೆ ಮನೆಖರ್ಚಿನ ಡೈರಿಯೇ, ಗೆರೆ ನಾಲ್ಕು ಹೆಚ್ಚು ಅಷ್ಟೇ. ಕಾಯಿದೆಯನ್ನು ಕಠಿಣ ಭಾಷೆಯಲ್ಲಿ ಬರೆದಿಡುವುದರಿಂದ ಲಾಭವಾಗುವುದು ನಮಗಂತೂ ಅಲ್ಲ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಕೂತು ಬಿಡಿಸೋಣ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ, ಆಚೆ ಸಾಗರ, ಹೊಸನಗರದ ಹೆಂಗಸರ ಕೈಕೆಲಸ ನಿಮಗೆ ಗೊತ್ತೇ ಇದೆ. ಮಾವಿನ ಮಿಡಿಯ ಕಾಲ ಬಂತೆಂದರೆ ಅಪ್ಪೆಮಿಡಿ ತೊಳೆದು ಉಪ್ಪಿಗೆ ಹಾಕುವ ಸಂಭ್ರಮ. ಹಲಸು ಬಲಿತಿತೆಂದರೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಮೊದಲೆಲ್ಲ ಇದು ನೆಂಟರಿಷ್ಟರಿಗೆ, ಬೆಂಗಳೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುವ ಡಬ್ಬಿಗೆ ಮುಗಿಯುತ್ತಿತ್ತು. ಯಾರೂ ಬೆಲೆ ಕಟ್ಟುತ್ತಿರಲಿಲ್ಲ, ಕೇಳುವುದೂ ನಾಚಿಕೆ. ಮೊಬೈಲು ಬಂದ ಮೇಲೆ ಲೆಕ್ಕ ಬದಲಾಯಿತು. ಪುಣೆಯಲ್ಲಿ, ಮುಂಬೈಯಲ್ಲಿ, ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ನಮ್ಮ ಮಕ್ಕಳ ಬಾಯಿಗೆ ಆ ರುಚಿಯೇ ಬೇಕು. ಅವರ ಪಕ್ಕದ ಮನೆಯ ಮರಾಠಿ, ತೆಲುಗು ಸಂಸಾರಗಳಿಗೂ ಒಮ್ಮೆ ತಿಂದರೆ ಮತ್ತೆ ಬೇಕು. ಪೇಟೆಯಲ್ಲಿ ಮಳಿಗೆ ಹಿಡಿಯಲು ಪಗಡಿ ಕೊಡಲಾರದ, ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡಲಾರದ ಹೆಂಗಸಿಗೆ ಅಂಗಡಿಯೇ ಮನೆಗೆ ಬಂದ ಹಾಗಾಯಿತು. ನಾನು ಬಲ್ಲ ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ಫೀಸು ಉಪ್ಪಿನಕಾಯಿ ಭರಣಿಯಿಂದ ಬಂದಿದೆ.

ಈಗ ಕಾಯಿದೆ. ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಡ. ಈ ಮಿತಿ 2019ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿದೆ. ಒಳ್ಳೆಯದೇ, ಸಣ್ಣ ಅಂಗಡಿಯವನಿಗೆ ರಗಳೆ ತಪ್ಪಿತು. ಆದರೆ ಅದೇ ಕಾಯಿದೆಯ 24ನೆಯ ಕಲಮು ಹೇಳುವುದೇ ಬೇರೆ. ತೆರಿಗೆ ಬೀಳುವ ಸಾಮಾನನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಇರಲಿ, ಮೊದಲ ರೂಪಾಯಿಯಿಂದಲೇ ನೋಂದಣಿ ಮಾಡಿಸಬೇಕು. ಇದರ ಅರ್ಥ ನೋಡಿ. ಪುಣೆಯವರು ಕಾರು ಮಾಡಿಕೊಂಡು ಶಿರಸಿ ಮಾರಿಕಾಂಬೆಯ ದರ್ಶನಕ್ಕೆ ಬಂದು, ನಮ್ಮ ಮನೆಯ ಜಗುಲಿಯಲ್ಲಿ ಕೂತು ಹತ್ತು ಡಬ್ಬಿ ಉಪ್ಪಿನಕಾಯಿ ಕೊಂಡು ಹೋದರೆ ತಕರಾರಿಲ್ಲ. ಅವರೇ ಪುಣೆಯಿಂದ ಫೋನು ಮಾಡಿ ಒಂದು ಡಬ್ಬಿ ಕೊರಿಯರಿನಲ್ಲಿ ಕಳಿಸಿ ಎಂದರೆ ನಾವು ಅಂತರರಾಜ್ಯ ವರ್ತಕರು! ಡಬ್ಬಿ ಅದೇ, ಮಿಡಿ ಅದೇ, ತಿನ್ನುವ ಬಾಯಿಯೂ ಅದೇ.

ಇನ್ನೊಂದು ಸ್ವಾರಸ್ಯ. ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಹಾಗಾಗಿ ಬರೀ ಹಪ್ಪಳ ಮಾರುವವಳು ಕಾಶ್ಮೀರದವರೆಗೆ ಕಳಿಸಿದರೂ ಅವಳನ್ನು ಯಾರೂ ಕೇಳುವ ಹಾಗಿಲ್ಲ. ಉಪ್ಪಿನಕಾಯಿಗೆ ತೆರಿಗೆ ಉಂಟು. ಹಪ್ಪಳದ ಕಟ್ಟಿನ ಜೊತೆ ಒಂದು ಉಪ್ಪಿನಕಾಯಿ ಡಬ್ಬಿ ಬೆಳಗಾವಿ ದಾಟಿ ಕೊಲ್ಲಾಪುರಕ್ಕೆ ಹೋಯಿತೆಂದರೆ ಕಾಯಿದೆ ಕಣ್ಣು ಬಿಡುತ್ತದೆ. ಒಂದೇ ಅಂಗಳದಲ್ಲಿ, ಒಂದೇ ಕೈಯಿಂದ ಆದ ಎರಡು ಪದಾರ್ಥಗಳ ನಡುವೆ ಹೀಗೊಂದು ಗೋಡೆ.

ಸರಕಾರಕ್ಕೆ ಇದು ತಿಳಿಯದೆ ಆದದ್ದಾದರೆ ಹೋಗಲಿ ಎನ್ನಬಹುದಿತ್ತು. ತಿಳಿದೇ ಇದೆ. ಯಾಕೆಂದರೆ ಒಂದೊಂದೇ ವರ್ಗದವರಿಗೆ ಬಾಗಿಲು ತೆರೆದದ್ದಿದೆ. 2017ರ ಅಕ್ಟೋಬರಿನಲ್ಲಿ ಸೇವೆ ಕೊಡುವವರಿಗೆ ಮಾಫಿ ಸಿಕ್ಕಿತು: ವರ್ಷಕ್ಕೆ 20 ಲಕ್ಷದವರೆಗೆ ಬೇರೆ ರಾಜ್ಯದವರಿಗೆ ಸೇವೆ ಕೊಟ್ಟರೂ ನೋಂದಣಿ ಬೇಡ. ಆ ನವೆಂಬರಿನಲ್ಲಿ, ಆನ್‌ಲೈನ್ ಕಂಪನಿಯ ಮೂಲಕ ಸೇವೆ ಕೊಡುವ ಸಣ್ಣವರಿಗೂ ಅದೇ ಅನುಕೂಲ ಸಿಕ್ಕಿತು. ಅದೇ ವರ್ಷ ಕೈಕಸುಬಿನ ವಸ್ತುಗಳ ಒಂದು ಪಟ್ಟಿ ಮಾಡಿ, ಅವನ್ನು ಹೊರರಾಜ್ಯಕ್ಕೆ ಮಾರುವ ಸಣ್ಣ ಕುಶಲಕರ್ಮಿಗಳಿಗೂ ಷರತ್ತಿನ ಮೇಲೆ ಮಾಫಿ ಕೊಟ್ಟರು. ಆ ಪಟ್ಟಿಯಲ್ಲಿ ಅಡಿಗೆಮನೆಯ ಪದಾರ್ಥಗಳಿಗೆ ಜಾಗವಿಲ್ಲ. ಕೆತ್ತನೆ ಕೈಕಸುಬು, ಮಿಡಿ ಆರಿಸಿ, ಖಾರ ಕುಟ್ಟಿ, ಮೂರು ವರ್ಷ ಕೆಡದ ಹಾಗೆ ಭರಣಿ ತುಂಬುವುದು ಮಾತ್ರ ಯಾವ ಕಸುಬೂ ಅಲ್ಲ!

ಆನ್‌ಲೈನ್ ಅಂಗಡಿಯ ಮೂಲಕ ಸಾಮಾನು ಮಾರುವವರ ಪಾಡು ಇನ್ನೂ ಕಠಿಣವಾಗಿತ್ತು. 2023ರವರೆಗೆ ಅವರು ಪಕ್ಕದ ಓಣಿಗೆ ಮಾರಿದರೂ ನೋಂದಣಿ ಬೇಕಿತ್ತು. 2022ರ ಜೂನಿನಲ್ಲಿ ಚಂಡೀಗಢದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಇದನ್ನು ಸಡಿಲಿಸಲು ಒಪ್ಪಿತು. ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಈಗ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ನಂಬರು ಕೊಟ್ಟು ಒಂದು ಸಂಖ್ಯೆ ಪಡೆದರೆ ಸಾಕು. ಶಿರಸಿಯಿಂದ ಬೀದರಿಗೆ ಮಾರಬಹುದು. ಆದರೆ ಶಿರಸಿಗೆ ಬೀದರಿಗಿಂತ ಎಷ್ಟೋ ಹತ್ತಿರದ ಗೋವಾಕ್ಕೆ ಒಂದು ಡಬ್ಬಿ ಹೋಯಿತೋ, ಈ ಅನುಕೂಲ ಪೂರ್ತಿ ತಪ್ಪಿಹೋಯಿತು.

ಹೀಗೆ ಲೆಕ್ಕ ಹಾಕಿ ನೋಡಿ. ಮುಂಬೈಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಹೇಳಿಕೊಡುವವಳಿಗೆ ಮಾಫಿ. ಊರ ಪೇಟೆಯಲ್ಲಿ ಗಲ್ಲಾ ಮುಂದೆ ಕೂತವನಿಗೆ ಮಾಫಿ. ಬೆಂಗಳೂರಿಗೆ ಉಪ್ಪಿನಕಾಯಿ ಕಳಿಸುವವಳಿಗೆ ಮಾಫಿ. ಮುಂಬೈಗೆ ಉಪ್ಪಿನಕಾಯಿ ಕಳಿಸುವವಳಿಗೆ ಮಾತ್ರ ಇಲ್ಲ. ಎಲ್ಲರಿಗೂ ಬಡಿಸಿ ಒಬ್ಬಳ ಎಲೆಯನ್ನು ಖಾಲಿ ಬಿಟ್ಟ ಹಾಗೆ.

ನೋಂದಣಿಯೇನು ಮಹಾ, ಕಾಸು ಖರ್ಚಿಲ್ಲದೆ ಆಗುತ್ತದೆ ಎಂದು ಹೇಳುವವರು ಇದ್ದಾರೆ. ಹೌದು, ಸರಕಾರ ಅದಕ್ಕೆ ಫೀಸು ತೆಗೆದುಕೊಳ್ಳುವುದಿಲ್ಲ. ಆದರೆ ವ್ಯಾಪಾರದ ಸ್ಥಳದ ದಾಖಲೆ ಕೇಳುತ್ತದೆ. ಮನೆಗಂದಾಯದ ರಶೀದಿ, ಕರೆಂಟು ಬಿಲ್ಲು, ಬಾಡಿಗೆ ಕರಾರು, ಇಲ್ಲವೇ ಮನೆಯ ಯಜಮಾನರ ಒಪ್ಪಿಗೆ ಪತ್ರ. ನಮ್ಮಲ್ಲಿ ಎಷ್ಟು ಜನರ ಹೆಸರಿನಲ್ಲಿ ಮನೆ ಇದೆ, ಕೈ ಎತ್ತಿ ನೋಡೋಣ. ಮನೆ ಗಂಡನದ್ದು, ಇಲ್ಲವೇ ಮಾವನದ್ದು, ಅದೂ ಅಲ್ಲದಿದ್ದರೆ ಪಾಲಾಗದೆ ನಾಲ್ಕು ಭಾವಂದಿರ ಹೆಸರಿನಲ್ಲಿ ಕೂತಿರುತ್ತದೆ. ಉಪ್ಪಿನಕಾಯಿ ಮಾರುವುದಕ್ಕೆ ಸೊಸೆ ಹೋಗಿ ಮಾವನ ಸಹಿ ಕೇಳಬೇಕು. ನಮ್ಮ ಓಣಿಯ ಮೂಲೆಮನೆಯ ಅಕ್ಕನಿಗೆ ಆದದ್ದು ಇದೇ. ಬಾಡಿಗೆ ಮನೆ. ಒಪ್ಪಿಗೆ ಪತ್ರ ಕೇಳಿದ್ದಕ್ಕೆ ಮನೆಯ ಮಾಲೀಕರು, 'ಸರಕಾರದ ಕಾಗದಕ್ಕೆಲ್ಲ ನನ್ನ ಸಹಿ ಬೇಡ, ನಾಳೆ ನನ್ನ ಮನೆಗೆ ಅಂಗಡಿ ಕಂದಾಯ ಹಾಕಿದರೆ?' ಎಂದರು. ಅಕ್ಕ ಪುಣೆಯ ಗಿರಾಕಿಗಳಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟಳು. 'ಎಂತಕ್ಕೆ ಬೇಕು ಮಾರಾಯ್ತಿ ಈ ಉಸಾಬರಿ, ಇದ್ದ ಊರಲ್ಲೇ ನಾಲ್ಕು ಡಬ್ಬಿ ಹೋದರೆ ಸಾಕು' ಎಂದಳು. ಸಾಕು ಎಂದು ಹೇಳಿಸುವುದರಲ್ಲಿ ನಮ್ಮ ಸಮಾಜಕ್ಕಿರುವ ಜಾಣ್ಮೆಯನ್ನು ಈಗ ಕಾಯಿದೆಯೂ ಕಲಿತಿದೆ.

ಹೇಗೋ ಸಹಿ ಸಿಕ್ಕಿತು ಎನ್ನಿ. ಆಮೇಲೆ ರಿಟರ್ನು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸೌಕರ್ಯ ಇದ್ದರೂ ಸಲ್ಲಿಸುವುದು ತಪ್ಪುವುದಿಲ್ಲ. ಅದಕ್ಕೆ ಆಡಿಟರಿಗೆ ದಕ್ಷಿಣೆ ಇಡಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಮಿಡಿಯ ಹಂಗಾಮು ಮುಗಿದು ಏನೂ ಮಾರದ ಕಾಲದ ಖಾಲಿ ರಿಟರ್ನಿಗೂ ತಡಮಾಡಿದರೆ ದಿನಕ್ಕೆ 20 ರೂಪಾಯಿ. ದಂಡಕ್ಕೆ ಒಂದು ಮಿತಿ ಇಟ್ಟಿದ್ದಾರೆ, ನಿಜ. ಏನೂ ಮಾರದ್ದಕ್ಕೂ ದಂಡ ಎಂಬುದನ್ನು ನಮ್ಮ ಅಜ್ಜಿಗೆ ವಿವರಿಸಿ ನೋಡಿ. ಒಮ್ಮೆ ನೋಂದಣಿಯಾದ ಮೇಲೆ ಪುಣೆಗೆ ಹೋದ ಡಬ್ಬಿಗೆ ಮಾತ್ರವಲ್ಲ, ಪಕ್ಕದ ಮನೆಗೆ ಮಾರಿದ ಡಬ್ಬಿಗೂ ತೆರಿಗೆ ಸೇರಿಸಬೇಕು. ನೋಂದಣಿ ಇಲ್ಲದ ಎದುರು ಮನೆಯವಳ ಡಬ್ಬಿ ಆಗ ಅಗ್ಗವಾಗುತ್ತದೆ. ಒಂದೂವರೆ ಕೋಟಿಯವರೆಗಿನ ಅಂಗಡಿಕಾರರಿಗೆ ಶೇ. 1ರ ರಾಜಿ ತೆರಿಗೆ ಎಂಬ ಸುಲಭದ ದಾರಿ ಇದೆಯಲ್ಲ, ಅದೂ ಹೊರರಾಜ್ಯಕ್ಕೆ ಮಾರುವವರಿಗೆ ಮುಚ್ಚಿದೆ. ಕೊಂಡ ಸಾಮಾನಿಗೆ ಕೊಟ್ಟ ತೆರಿಗೆ ವಾಪಸು ಬರುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಮಿಡಿ ತೋಟದ್ದು, ಉಪ್ಪಿಗೆ ತೆರಿಗೆಯೇ ಇಲ್ಲ. ವಾಪಸು ಬರುವುದು ಖಾಲಿ ಡಬ್ಬಿಯ ಮುಚ್ಚಳದ ಲೆಕ್ಕ.

ಇಷ್ಟನ್ನೂ ದಿಲ್ಲಿಯ ಮೇಲೆ ಹಾಕಿ ನಮ್ಮ ರಾಜ್ಯದವರು ಕೈ ತೊಳೆದುಕೊಳ್ಳಬಹುದು. ಈಗ ಹೇಳುವುದನ್ನು ಮಾತ್ರ ಹಾಕಲಾಗದು. 2023ರ ಆಗಸ್ಟ್ 30ರಂದು ರಾಜ್ಯ ಸರಕಾರ ಗೃಹಲಕ್ಷ್ಮಿ ಯೋಜನೆ ಶುರುಮಾಡಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನಾನು ಅದನ್ನು ಹಳಿಯುವವಳಲ್ಲ. ಹೆಂಗಸಿನ ಖಾತೆಗೆ ನೇರವಾಗಿ ಬಂದ ಹಣದಿಂದ ಮನೆಯಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಯೋಜನೆಯ ಷರತ್ತು ಓದಿದ್ದೀರಾ? ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಹಣವಿಲ್ಲ. ಸರಿ. ಜಿಎಸ್‌ಟಿ ರಿಟರ್ನು ಸಲ್ಲಿಸುವವರಾದರೂ ಇಲ್ಲ. ಎಷ್ಟು ವಹಿವಾಟಿನ ರಿಟರ್ನು ಎಂದು ಅಲ್ಲಿ ಕೇಳುವುದಿಲ್ಲ. ಕೋಟಿಯ ವ್ಯಾಪಾರಿಯೂ ಒಂದೇ, ಭರಣಿಯ ವ್ಯಾಪಾರಿಯೂ ಒಂದೇ.

ನನ್ನ ಹಳೆಯ ಕಸುಬಿನ ಪ್ರಕಾರ ಒಂದು ಲೆಕ್ಕ ಬರೆಯುತ್ತೇನೆ. ಒಬ್ಬ ಹೆಂಗಸು ಒಂದು ವರ್ಷದಲ್ಲಿ ಪುಣೆಗೆ 40,000 ರೂಪಾಯಿಯ ಉಪ್ಪಿನಕಾಯಿ ಮಾರಿದಳು ಎಂದು ಇಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ಇಳಿದ ದರ ಶೇ. 5. ತೆರಿಗೆ 2,000 ರೂಪಾಯಿ. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಸಾಮಾನು ತಯಾರಾದ ಊರಿಗಲ್ಲ, ತಿಂದುಂಡ ಊರಿಗೆ ಸೇರುತ್ತದೆ. ಹಾಗಾಗಿ ಅದರಲ್ಲಿ 1,000 ದಿಲ್ಲಿಗೆ, 1,000 ಮಹಾರಾಷ್ಟ್ರಕ್ಕೆ. ಆ ಮಾರಾಟದಿಂದ ಕರ್ನಾಟಕಕ್ಕೆ ಸೊನ್ನೆ. ಅದಕ್ಕಾಗಿ ಆ ಹೆಂಗಸು ಕಳೆದುಕೊಳ್ಳುವುದು ಗೃಹಲಕ್ಷ್ಮಿಯ 24,000, ಆಡಿಟರಿನ ದಕ್ಷಿಣೆ ಬೇರೆ. ಪೇಟೆಯಲ್ಲಿ ವರ್ಷಕ್ಕೆ 30 ಲಕ್ಷ ವಹಿವಾಟು ಮಾಡುತ್ತ, ನೋಂದಣಿ ಬೇಕಿಲ್ಲದ, ಆದಾಯ ತೆರಿಗೆಗೂ ಸಿಕ್ಕದ ಅಂಗಡಿಯವನ ಹೆಂಡತಿಗೆ ಆ 24,000 ತಪ್ಪುವುದಿಲ್ಲ. ಅವಳಿಗೆ ಸಿಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ದುಡಿದು ಗಡಿ ದಾಟಿದವಳಿಗೇ ಯಾಕೆ ಈ ಶಿಕ್ಷೆ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ಷರತ್ತನ್ನು ಬರೆದವರು ದಿಲ್ಲಿಯವರಲ್ಲ.

ಇದು ಹೀಗೆ ಬೆಳೆದದ್ದು ಹೇಗೆ ಎಂಬುದಕ್ಕೂ ಒಂದು ಕತೆ ಇದೆ. ಆನ್‌ಲೈನ್ ವ್ಯಾಪಾರ ಮೊಳಕೆಯೊಡೆದಾಗ ರಾಜ್ಯ ಸರಕಾರಗಳಿಗೆ ಗಾಬರಿಯಾಯಿತು. ಕೊಳ್ಳುವವನು ಒಂದು ಕಡೆ, ಮಾರುವವನು ಒಂದು ಕಡೆ, ಉಗ್ರಾಣ ಮತ್ತೊಂದು ಕಡೆ. ತೆರಿಗೆ ಯಾರಿಂದ ಕೇಳುವುದು? 2014ರಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆಗೂ ಅಮೆಜಾನ್ ಕಂಪನಿಗೂ ಬೆಂಗಳೂರಿನ ಹತ್ತಿರದ ಉಗ್ರಾಣದ ವಿಷಯದಲ್ಲಿ ಜಟಾಪಟಿ ನಡೆಯಿತು. ಕಂಪನಿಯೇ ವರ್ತಕ ಎಂದು ಇಲಾಖೆ, ತಾನು ಜಾಗ ಕೊಟ್ಟವನು ಮಾತ್ರ ಎಂದು ಕಂಪನಿ. ಈ ಜಗಳದ ನಡುವೆ, ಆ ಉಗ್ರಾಣದಲ್ಲಿ ಸಾಮಾನು ಇಟ್ಟಿದ್ದ ಸಣ್ಣ ಮಾರಾಟಗಾರರ ನೋಂದಣಿಗಳು ರದ್ದಾದವು. ಕೇರಳ ಆನ್‌ಲೈನ್ ಕಂಪನಿಗಳಿಗೆ ದಂಡ ಹಾಕಿತು. 2015ರಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ತೆಗೆದುಹಾಕಿತು. ಉತ್ತರಾಖಂಡ, ಗುಜರಾತದಂಥ ರಾಜ್ಯಗಳು ಆನ್‌ಲೈನಿನಲ್ಲಿ ತರಿಸಿದ ಸಾಮಾನಿಗೆ ಪ್ರವೇಶ ತೆರಿಗೆ ಹಾಕಿದವು. ಇಂಥ ತೆರಿಗೆ ಹಾಕುವ ಹಕ್ಕು ರಾಜ್ಯಗಳಿಗೆ ಉಂಟು ಎಂದು 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು. ಎಂಟು ತಿಂಗಳೊಳಗೆ ಜಿಎಸ್‌ಟಿ ಬಂದು ಆ ತೆರಿಗೆಯೇ ಅದರೊಳಗೆ ಕರಗಿತು. ಗಾಬರಿ ಮಾತ್ರ ಕರಗಲಿಲ್ಲ. ತಿಮಿಂಗಿಲ ಹಿಡಿಯಲು ಹೆಣೆದ ಬಲೆಯ ಕಣ್ಣು ಎಷ್ಟು ಸಣ್ಣದಾಯಿತೆಂದರೆ ಅದರಲ್ಲಿ ಮೊದಲು ಸಿಕ್ಕಿಬಿದ್ದದ್ದು ಸೀಗಡಿ.

ದೊಡ್ಡ ಕಂಪನಿಗಳ ಪರ ವಕಾಲತ್ತು ವಹಿಸುತ್ತಿದ್ದೇನೆ ಎಂದು ತಿಳಿಯಬೇಡಿ. ನಮ್ಮ ಪೇಟೆಯ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಯವರು ಮಧ್ಯಾಹ್ನ ನೊಣ ಹೊಡೆಯುತ್ತ ಕೂತಿರುವುದನ್ನು ನಾನೂ ನೋಡುತ್ತೇನೆ. ಆ ಕಂಪನಿಗಳಿಂದ ಕಟ್ಟುನಿಟ್ಟಾಗಿ ತೆರಿಗೆ ವಸೂಲಾಗಲಿ, ಬಿಡಬೇಡಿ. ಅದಕ್ಕೆ ದಾರಿಯೂ ಇದೆ. ನೋಂದಣಿ ಇದ್ದವರು ಆನ್‌ಲೈನ್ ಅಂಗಡಿಯ ಮೂಲಕ ಮಾರಿದ ಹಣದಲ್ಲಿ ಕಂಪನಿಯೇ ಒಂದು ಪಾಲು ಹಿಡಿದು ಸರಕಾರಕ್ಕೆ ಕಟ್ಟುವ ಪದ್ಧತಿ 2018ರ ಅಕ್ಟೋಬರಿನಿಂದ ಇದೆ, ಮೊದಲು ಶೇ. 1 ಇದ್ದದ್ದು 2024ರ ಜುಲೈನಿಂದ ಶೇ. ಅರ್ಧಕ್ಕೆ ಇಳಿದಿದೆ. ಸ್ವಿಗ್ಗಿ, ಜೊಮ್ಯಾಟೊದಂಥವರ ಮೂಲಕ ತರಿಸಿದ ಹೋಟೆಲಿನ ಊಟಕ್ಕೆ 2022ರ ಜನವರಿಯಿಂದ ತೆರಿಗೆ ಕಟ್ಟುವ ಹೊಣೆ ಸಾಮಾನ್ಯವಾಗಿ ಆ ಕಂಪನಿಯದ್ದೇ. ಬೆಂಗಳೂರಿನ ಹೋಟೆಲಿನ ಇಡ್ಲಿಗೆ ಕಂಪನಿ ತೆರಿಗೆ ಕಟ್ಟಬಹುದಾದರೆ ಶಿರಸಿಯ ಉಪ್ಪಿನಕಾಯಿಗೆ ಯಾಕೆ ಕಟ್ಟಬಾರದು?

ಅಧಿಕಾರಿಗಳ ಇನ್ನೊಂದು ವಾದ: ಮಾಫಿ ಕೊಟ್ಟರೆ ದೊಡ್ಡ ವರ್ತಕರು ಹತ್ತು ಹೆಸರಿನಲ್ಲಿ ಹತ್ತು ಸಣ್ಣ ವ್ಯಾಪಾರ ತೋರಿಸಿ ಮೋಸಮಾಡುತ್ತಾರೆ. ಮೋಸ ಮಾಡುವವರು ಮಾಡಿಯಾರು. ಆದರೆ ಪತ್ತೆ ಹಚ್ಚುವುದು ಎಲ್ಲಿ ಸುಲಭ? ಪೇಟೆಯ ಗಲ್ಲಾಪೆಟ್ಟಿಗೆಗೆ ನಗದು ಬಿದ್ದರೆ ಸಾಕ್ಷಿಯಿಲ್ಲ. ಆನ್‌ಲೈನಿನಲ್ಲಿ ಹೋದ ಪ್ರತಿ ಡಬ್ಬಿಗೂ ಯಾರಿಗೆ, ಎಂದು, ಎಷ್ಟಕ್ಕೆ ಎಂಬ ದಾಖಲೆ ಇರುತ್ತದೆ. ಬೆಳಕಿನಲ್ಲಿ ಕೂತವಳ ಮೇಲೆ ಅನುಮಾನ, ಕತ್ತಲಲ್ಲಿ ಕೂತವನ ಮೇಲೆ ನಂಬಿಕೆ! ರಾಜ್ಯದೊಳಗಿನ ಮಾರಾಟಕ್ಕೆ 2023ರಿಂದ ಪ್ಯಾನ್ ಮತ್ತು ಒಂದು ಸಂಖ್ಯೆ ಸಾಕಾಗಿದೆ. ಹೊರರಾಜ್ಯಕ್ಕೂ ಅದೇ ಸಂಖ್ಯೆ ಯಾಕೆ ಸಾಲದು?

ಹೊರದೇಶದ ಒಂದು ಉದಾಹರಣೆ ಹೇಳಲೇಬೇಕು. ಅಮೆರಿಕದಲ್ಲೂ ಮಾರಾಟ ತೆರಿಗೆ ರಾಜ್ಯಗಳದ್ದು. ತನ್ನ ನೆಲದಲ್ಲಿ ಅಂಗಡಿ, ಉಗ್ರಾಣ ಇಲ್ಲದ ವರ್ತಕನಿಂದ ರಾಜ್ಯ ತೆರಿಗೆ ವಸೂಲು ಮಾಡಿಸುವಂತಿಲ್ಲ ಎಂದು 1992ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತ್ತು. ಸೌತ್ ಡಕೋಟ ಎಂಬ ಸಣ್ಣ ರಾಜ್ಯ ಇದನ್ನು ಎದುರಿಸಿ 2016ರಲ್ಲಿ ಕಾಯಿದೆ ಮಾಡಿತು. ವೇಫೇರ್ ಎಂಬ ಪೀಠೋಪಕರಣದ ಆನ್‌ಲೈನ್ ಕಂಪನಿಯೇ ಮೊದಲಾದವುಗಳ ಮೇಲಿನ ಮೊಕದ್ದಮೆಯಲ್ಲಿ 2018ರ ಜೂನ್ 21ರಂದು ಗೆದ್ದಿತು. ಐದು ನ್ಯಾಯಾಧೀಶರು ರಾಜ್ಯದ ಪರ, ನಾಲ್ವರು ವಿರುದ್ಧ. ನನಗೆ ಮುಖ್ಯವಾದದ್ದು ಆ ಗೆಲುವಲ್ಲ. ಆ ಕಾಯಿದೆಯಲ್ಲೇ, ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಮಾರದ, 200 ಆರ್ಡರೂ ಮುಟ್ಟದ ಹೊರರಾಜ್ಯದ ಸಣ್ಣವರನ್ನು ಬಿಟ್ಟಿದ್ದರು. ಸಣ್ಣವರಿಗೆ ಈ ರಕ್ಷಣೆ ಇರುವುದನ್ನು ನ್ಯಾಯಾಲಯವೂ ಎತ್ತಿ ಹೇಳಿತು. 2023ರಲ್ಲಿ ಆರ್ಡರುಗಳ ಲೆಕ್ಕವನ್ನೂ ಕೈಬಿಟ್ಟರು. ಈಗ ಹಣದ ಮಿತಿ ಒಂದೇ. ದೊಡ್ಡವರ ಬೆನ್ನು ಹತ್ತಿದ ರಾಜ್ಯವೇ ಸಣ್ಣವರಿಗೆ ದಾರಿ ಬಿಟ್ಟಿತು. ಎರಡೂ ಒಟ್ಟಿಗೆ ಆಗದು ಎನ್ನುವ ನಮ್ಮವರಿಗೆ ಇದಕ್ಕಿಂತ ಉತ್ತರ ಬೇಕೆ?

2025ರ ಜುಲೈ ನಿಮಗೆ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಚಹದಂಗಡಿ, ತರಕಾರಿಯವರಿಗೆಲ್ಲ ನೋಟಿಸು ಕಳಿಸಿತು. ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ರಟ್ಟಿನ ಫಲಕಗಳು ಎದ್ದವು. ಅಂಗಡಿಯವರು ಸೇರಿ ಬಂದ್ ಮಾಡುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳೇ ಸಭೆ ಕರೆದು, ತೆರಿಗೆಯಿಲ್ಲದ ಸಾಮಾನು ಮಾರುವವರಿಂದ ಹಳೆಯ ಬಾಕಿ ಕೇಳುವುದಿಲ್ಲ ಎಂದು ಸಮಾಧಾನ ಹೇಳಬೇಕಾಯಿತು. ಅಂಗಡಿಯ ಬಾಗಿಲು ಹಾಕಿದರೆ ಬೀದಿಗೆ ಕಾಣುತ್ತದೆ, ಸರಕಾರಕ್ಕೆ ಕೇಳುತ್ತದೆ. ಮೂಲೆಮನೆಯ ಅಕ್ಕ ಪುಣೆಯ ವ್ಯಾಪಾರ ನಿಲ್ಲಿಸಿದ್ದು ಯಾರಿಗೆ ಕಂಡಿತು? ನಮ್ಮ ಅಂಗಡಿಗೆ ಬೇರೆ ಬಾಗಿಲೇ ಇಲ್ಲ. ಮುಚ್ಚಿದರೂ ಗೊತ್ತಾಗುವುದು ಮನೆಯ ಸಕ್ಕರೆ ಡಬ್ಬಕ್ಕೆ ಮಾತ್ರ.

ಹಾಗಾದರೆ ಯಾರನ್ನು ಕೇಳಬೇಕು? ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ರಾಜ್ಯಗಳಿಗೆಲ್ಲ ಸೇರಿ ಮೂರರಲ್ಲಿ ಎರಡು ಪಾಲು. ಯಾವುದೇ ನಿರ್ಧಾರಕ್ಕೆ ನಾಲ್ಕರಲ್ಲಿ ಮೂರು ಪಾಲಿನ ಒಪ್ಪಿಗೆ ಬೇಕು. ಸಂವಿಧಾನವೇ ಹಾಗೆ ಬರೆದಿದೆ. ರಾಜ್ಯಗಳನ್ನು ಬಿಟ್ಟು ಕೇಂದ್ರ ಒಂದು ಅಕ್ಷರವನ್ನೂ ಬದಲಿಸಲಾರದು. ಹಾಗಾಗಿ ನಮ್ಮ ಕೈಯಲ್ಲಿ ಏನಿದೆ ಎಂಬ ರಾಜ್ಯದ ಗೋಳು ಪೂರ್ತಿ ನಿಜವಲ್ಲ. 2025ರ ಸೆಪ್ಟೆಂಬರಿನಲ್ಲಿ ದರ ಇಳಿಸುವ ಮಾತು ಬಂದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಮಗಾಗುವ ನಷ್ಟದ ಬಗ್ಗೆ ಗಟ್ಟಿಯಾಗಿ ಮಾತಾಡಿದವು. ಖಜಾನೆಯ ನಷ್ಟಕ್ಕೆ ಇರುವ ಬಾಯಿ ಭರಣಿಯ ನಷ್ಟಕ್ಕೂ ಬರಲಿ. ಅದೇ ಸಭೆಯಲ್ಲಿ, ಆನ್‌ಲೈನ್ ಅಂಗಡಿಗಳ ಮೂಲಕ ಹಲವು ರಾಜ್ಯಗಳಲ್ಲಿ ಮಾರುವ ಸಣ್ಣವರಿಗೆ ಸರಳ ನೋಂದಣಿ ತರುವುದಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿತು. ಹೊಸ ಅರ್ಜಿದಾರರಲ್ಲಿ ಸಣ್ಣವರಿಗೆ ಮೂರು ದಿನದಲ್ಲಿ ನೋಂದಣಿ ಕೊಡುವ ಏರ್ಪಾಡು 2025ರ ನವೆಂಬರ್ 1ರಿಂದ ಶುರುವಾಯಿತು. ಒಳ್ಳೆಯದು. ಆದರೆ ಬೇಡಿ ಬೇಗ ತೊಡಿಸುವುದಕ್ಕೂ ಬೇಡಿಯೇ ಬೇಡ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ?

ನಾವು ಕೇಳಬೇಕಾದದ್ದು ಎರಡೇ. ಒಂದು, ಗೃಹಲಕ್ಷ್ಮಿಯ ಷರತ್ತನ್ನು ರಾಜ್ಯ ಸರಕಾರ ಇಂದೇ ತಿದ್ದಲಿ: 40 ಲಕ್ಷದೊಳಗಿನ ವಹಿವಾಟಿಗೆ ಜಿಎಸ್‌ಟಿ ರಿಟರ್ನು ಸಲ್ಲಿಸಿದ ಮಾತ್ರಕ್ಕೆ ಯಾವ ಯಜಮಾನಿಯ ಹಣವೂ ನಿಲ್ಲಬಾರದು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಡ, ಮಂಡಳಿ ಬೇಡ, ಒಂದು ಆದೇಶ ಸಾಕು. ಎರಡು, ಸೇವೆಗೆ ಕೊಟ್ಟ ಮಾಫಿಯನ್ನು ಸಾಮಾನಿಗೂ ಕೊಡಿ, ಕನಿಷ್ಠ 20 ಲಕ್ಷದವರೆಗೆ ಮನೆಯಲ್ಲಿ ತಯಾರಿಸಿ ಹೊರರಾಜ್ಯಕ್ಕೆ ಮಾರುವವರನ್ನು ನೋಂದಣಿಯಿಂದ ಬಿಡಿ ಎಂದು ಕರ್ನಾಟಕವೇ ಮಂಡಳಿಯ ಮುಂದೆ ಬರಹದಲ್ಲಿ ಇಡಲಿ.

ಸುಂಕದವನ ಮುಂದೆ ಹೇಳಿಕೊಂಡು ಫಲವಿಲ್ಲ ಎಂದೇ ಗಾದೆ ಹುಟ್ಟಿದ್ದು. ಆದರೆ ಆ ಕಾಲದ ಸುಂಕದವನು ನಮ್ಮ ಓಟು ಕೇಳಲು ಮನೆಗೆ ಬರುತ್ತಿರಲಿಲ್ಲ. ಈಗಿನವರು ಬರುತ್ತಾರೆ. ಪಂಚಾಯಿತಿಗೂ ಬರುತ್ತಾರೆ, ವಿಧಾನಸಭೆಗೂ ಬರುತ್ತಾರೆ. ನಿಮ್ಮ ಮಹಿಳಾ ಮಂಡಳದಲ್ಲಿ, ಸ್ವಸಹಾಯ ಸಂಘದಲ್ಲಿ ಮುಂದಿನ ಸಭೆಗೆ ಈ ಎರಡು ಮಾತುಗಳನ್ನು ಠರಾವು ಮಾಡಿ, ಎಲ್ಲರೂ ಸಹಿ ಹಾಕಿ ಶಾಸಕರ ಕೈಯಲ್ಲಿ ಕೊಡಿ. ಪಡೆದದ್ದಕ್ಕೆ ರಶೀದಿ ಕೇಳುವುದನ್ನು ಮಾತ್ರ ಮರೆಯಬೇಡಿ.